ಹಳದಿ ಪಟ್ಟಿ

ವೆಲೆನ್ಸಿಯಾ, ಮಂಗಳೂರು
೧೦ ಜೂನ್ ೨೦೨೪

ಪ್ರೀತಿಯ ಕುಶಲಾ,

ಒಂದೇ ಊರಿನಲ್ಲಿದ್ದು ಅಂಚೆಯಲ್ಲಿ ಪತ್ರ ಹಾಕುವ ಕಾಲ ನಮಗೆ ಬಂತು ನೋಡು. ನಿನ್ನ ಮನೆ ಬಿಕರ್ನಕಟ್ಟೆ, ನನ್ನದು ವೆಲೆನ್ಸಿಯಾ. ಆದರೆ ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀ. ಮನೆಗೇ ಬಂದೆ, ನಿನ್ನ ಸೊಸೆ ಸಂಚಿತಾ ಗೇಟಿನಲ್ಲಿಯೇ ನಿಲ್ಲಿಸಿ "ಅತ್ತೆ ಮಲಗಿದ್ದಾರೆ ಟೀಚರ್" ಎಂದಳು. ಬೆಳಗ್ಗೆ ಹತ್ತಕ್ಕೆ ಮಲಗುವವರನ್ನು ನೀನು ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಪೋಸ್ಟ್ ಆಫೀಸಿನ ಹುಡುಗಿ ವಿಳಾಸ ನೋಡಿ, "ಇದು ಇಲ್ಲಿಯೇ ಅಲ್ವಾ ಟೀಚರ್, ಒಂದು ಮೆಸೇಜ್ ಹಾಕಿದ್ರೆ ಆಗ್ತದಲ್ಲ?" ಎಂದಳು. ಆಗುವುದಿಲ್ಲ ಎಂದೆ.

ನಂತೂರಿನಲ್ಲಿ ಬಸ್ಸಿಗೆ ಟ್ಯಾಂಕರ್ ಗುದ್ದಿ ತಿಂಗಳಾಯಿತು. ಚಿತ್ತರಂಜನಣ್ಣನ ತೊಡೆಗೆ ರಾಡ್ ಹಾಕಿದ್ದಾರೆ, ವಾಕರ್ ಹಿಡಿದು ಅಂಗಳದವರೆಗೆ ಬರುತ್ತಾರೆ ಎಂದು ಬೇರೆಯವರ ಬಾಯಿಂದ ತಿಳಿದೆ. ನಿನ್ನ ಮಗ ಮೋಕ್ಷಿತ್ ಆಸ್ಪತ್ರೆಗೆ ದೂರು ಕೊಟ್ಟದ್ದೂ ಹಾಗೆಯೇ ತಿಳಿಯಿತು. ದೂರು ಅಲ್ಲಿ ನರ್ಸ್ ಆಗಿರುವ ನನ್ನ ಮಗಳು ಬ್ರೆಂಡಾಳ ಮೇಲೆ. ಅವಳನ್ನು ಕ್ಯಾಶುವಲ್ಟಿಯಿಂದ ತೆಗೆದು ವಾರ್ಡಿಗೆ ಹಾಕಿದ್ದಾರೆ. ವಿಚಾರಣೆ ಆದ ಮೇಲೆ ಕೆಲಸ ಇರಬಹುದು, ಹೋಗಬಹುದು. ದೂರನ್ನು ಹಿಂದೆ ತೆಗೆಯಿರಿ ಎಂದು ನಾನು ಕೇಳುವುದಿಲ್ಲ. ಗಾಯವಾದದ್ದು ನಿನ್ನ ಗಂಡನಿಗೆ, ದೂರು ಕೊಡುವ ಹಕ್ಕು ನಿಮ್ಮದು.

ನಾನು ಬರೆಯುತ್ತಿರುವುದು ಒಂದು ಪದಕ್ಕಾಗಿ. ಇಪ್ಪತ್ತಾರು ವರ್ಷ ನಾವಿಬ್ಬರೂ ಸ್ಟಾಫ್ ರೂಮಿನಲ್ಲಿ ಒಂದೇ ಮೇಜಿನ ಎರಡು ಬದಿ ಕೂತವರು. ಇಂಗ್ಲಿಷಿನ ಪದಕ್ಕೆ ನನಗೆ ಕನ್ನಡ ಸಿಗದಿದ್ದರೆ ನಿನ್ನ ಕಡೆ ನೋಡುತ್ತಿದ್ದೆ. ಬ್ರೆಂಡಾ ಅವತ್ತು ಮಾಡಿದ ಕೆಲಸಕ್ಕೆ 'ಟ್ರಿಯಾಜ್' ಎನ್ನುತ್ತಾರೆ. ನಾನು ಮಕ್ಕಳಿಗೆ ಆ ಪದ ಕಲಿಸಿದವಳಲ್ಲ. ಡಿಕ್ಷನರಿ ತೆಗೆದು ನೋಡಿದೆ. ಫ್ರೆಂಚಿನಿಂದ ಬಂದದ್ದು. ಮೊದಲು ಉಣ್ಣೆಯನ್ನು ಗುಣ ನೋಡಿ ಬೇರೆ ಮಾಡುವುದಕ್ಕೆ ಹೇಳುತ್ತಿದ್ದರಂತೆ, ಆಮೇಲೆ ಕಾಫಿ ಬೀಜಕ್ಕೂ ಬಂತು, ಕೊನೆಗೆ ಯುದ್ಧದಲ್ಲಿ ಗಾಯಗೊಂಡವರಿಗೆ. ಒಟ್ಟಿಗೆ ತುಂಬ ಜನ ಬಂದಾಗ ಯಾರನ್ನು ಮೊದಲು ನೋಡಬೇಕು, ಯಾರು ಕಾಯಬಹುದು ಎಂದು ಬೇರೆ ಬೇರೆ ಮಾಡುವುದು. ಕೆಂಪು ಪಟ್ಟಿ ಕಟ್ಟಿದವರು ಈಗಲೇ ಒಳಗೆ. ಹಳದಿಯವರು ಸ್ವಲ್ಪ ಕಾಯಬೇಕು. ಹಸಿರಿನವರು ನಡೆದಾಡುವವರು. ಆಸ್ಪತ್ರೆಯ ಗೋಡೆಯ ಮೇಲೆ ಇದೆಲ್ಲ ಇಂಗ್ಲಿಷಿನಲ್ಲಿ ಮಾತ್ರ ಉಂಟು.

ಕ್ರಿಯಾಪದವಾಗಿ ಇದಕ್ಕೆ ಕನ್ನಡದಲ್ಲಿ ಎಂತ ಹೇಳುವುದು? ಅರ್ಥ ಬರೆದು, ಸ್ವಂತ ವಾಕ್ಯದಲ್ಲಿ ಪ್ರಯೋಗಿಸಿ ಕಳಿಸು. ಎರಡು ಅಂಕ.

ನಿನ್ನ
ಬರ್ನಡೆಟ್

*

ಬಿಕರ್ನಕಟ್ಟೆ
೨೪ ಜೂನ್ ೨೦೨೪

ಬರ್ನಡೆಟ್ ಟೀಚರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ತಮಾಷೆಗೆ ನಗುವ ಸ್ಥಿತಿಯಲ್ಲಿ ನಾನಿಲ್ಲ. ಆದರೆ ಪದ ಕೇಳಿದವರಿಗೆ ಇಲ್ಲ ಎನ್ನುವ ಅಭ್ಯಾಸವೂ ನನಗಿಲ್ಲ.

'ಆರಿಸು' ಎಂದರೆ ನಮಗೆ ಬೇಕಾದ್ದನ್ನು ತೆಗೆದುಕೊಳ್ಳುವುದು. 'ಕೇರು' ಎಂದರೆ ಮೊರದಲ್ಲಿ ಹಾಕಿ ಜೊಳ್ಳನ್ನು ಹಾರಿಸುವುದು. ಅಲ್ಲಿ ಒಂದು ಪಾಲು ಕಸಕ್ಕೆ ಹೋಗುತ್ತದೆ. 'ಹೆಕ್ಕು' ಎಂದರೆ ಒಂದೊಂದನ್ನೇ ಕೈಯಲ್ಲಿ ಎತ್ತುವುದು. ನಿಮಗೆ ಬೇಕಾದ್ದು 'ವಿಂಗಡಿಸು' ಇರಬೇಕು. ಅದರಲ್ಲಿ ಎಸೆಯುವುದೂ ಇಲ್ಲ, ಇಟ್ಟುಕೊಳ್ಳುವುದೂ ಇಲ್ಲ, ಬೇರೆ ಮಾಡುವುದು ಮಾತ್ರ. ಆದರೆ ಯಾರು ಮೊದಲು ಎಂಬ ಸರದಿಯನ್ನು ಅದು ಹೇಳುವುದಿಲ್ಲ. ಆ ಒಂದು ಕೆಲಸಕ್ಕೆ ನಮ್ಮಲ್ಲಿ ಪದ ಇಲ್ಲ. ನಮ್ಮವರು ಬಿದ್ದಿದ್ದರೆ ನಾವು ಮೊದಲು ಅವರನ್ನು ಎತ್ತುತ್ತೇವೆ, ಅದಕ್ಕೆ ಪದ ಬೇಕಾಗಲಿಲ್ಲವೋ ಏನೋ.

ನಮ್ಮ ಮನೆಯ ಹಿಂದೆ ಇದ್ದ ಬಾಗಿ ಎಂಬವಳು ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಬೀಜ ಹೆಕ್ಕಲು ಹೋಗುತ್ತಿದ್ದಳು. ಕಪ್ಪಾದದ್ದು ಒಂದು ಕಡೆ, ಒಡೆದದ್ದು ಒಂದು ಕಡೆ. ಯಾವ ಕಾಫಿ ಬೀಜವೂ ಅವಳಿಗೆ ಅನ್ನ ಹಾಕಿರಲಿಲ್ಲ. ನಿಮ್ಮ ಮಗಳಿಗೆ ನಾವು ಹಾಕಿದ್ದೇವೆ. ನೀವು ಬಿ.ಎಡ್. ಮಾಡುವ ಕಾಲದಲ್ಲಿ, ನಿಮ್ಮ ಯಜಮಾನರು ಆರ್ಥರ್ ಕುವೈತಿನಲ್ಲಿರುವಾಗ, ಬ್ರೆಂಡಾ ಸಂಜೆ ಆಗುವವರೆಗೆ ಇದ್ದದ್ದು ನಮ್ಮ ಜಗಲಿಯಲ್ಲಿ. ಇವರು ನಮ್ಮ ಹೋಟೆಲಿನಿಂದ ಬರುವಾಗ ಅವಳಿಗೆಂದೇ ಗೋಳಿಬಜೆ ಕಟ್ಟಿಸಿಕೊಂಡು ಬರುತ್ತಿದ್ದರು. ಮೋಕ್ಷಿತ್ ಕೈ ಹಾಕಿದರೆ "ಅದು ಬ್ರೆಂಡಾಂದು" ಎನ್ನುತ್ತಿದ್ದರು.

ಅವತ್ತು ನಾನು ಆಸ್ಪತ್ರೆಗೆ ಓಡಿ ಬಂದಾಗ ಇವರ ಮುಖವೆಲ್ಲ ರಕ್ತ. ಬ್ರೆಂಡಾಳನ್ನು ಕಂಡ ಕೂಡಲೇ ಹೋದ ಜೀವ ಬಂತು, ನಮ್ಮ ಹುಡುಗಿ ಇದ್ದಾಳೆ ಎಂದುಕೊಂಡೆ. ಅವಳು ಟ್ರಾಲಿಯ ಹತ್ತಿರ ಬಂದು ಇವರನ್ನು ಕೇಳಿದ್ದೇನು ಗೊತ್ತೇ? "ನಿಮ್ಮ ಹೆಸರೆಂತ? ಇವತ್ತು ಯಾವ ವಾರ?" ಇವರು ಸುಮ್ಮನೆ ಅವಳ ಮುಖ ನೋಡಿದರು. ಅವಳು ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ, "ಹೆಸರು ಹೇಳಿ" ಎಂದಳು. ಇವರು ಏನೋ ಗೊಣಗಿದ್ದು ಆ ಗಲಾಟೆಯಲ್ಲಿ ನನಗೆ ಕೇಳಿಸಲಿಲ್ಲ. ಆಮೇಲೆ ಕೈಗೊಂದು ಹಳದಿ ಪಟ್ಟಿ ಕಟ್ಟಿದಳು. ಪಕ್ಕದಲ್ಲಿ ಹಸಿರು ಚೂಡಿದಾರದ ಒಬ್ಬಳು ಹೆಂಗಸು ಗಾಲಿಕುರ್ಚಿಯಲ್ಲಿ ಕೂತಿದ್ದಳು, ಮೈಮೇಲೆ ಒಂದು ಗೀರೂ ಇಲ್ಲ, ಬಾಯಿಂದ ಒಂದು ಮಾತೂ ಇಲ್ಲ. ಅವಳನ್ನು ತಳ್ಳಿಕೊಂಡು ಒಳಗೆ ಓಡಿದರು. ಇವರು ಕಾರಿಡಾರಿನಲ್ಲಿ ನರಳುತ್ತ ಬಿದ್ದಿದ್ದರು.

ಕಾಲು ಹೇಗೂ ಸರಿಯಾಗಬಹುದು. ಗುರುತಿದ್ದವಳು ಗುರುತಿಲ್ಲದವಳಂತೆ ಹೆಸರು ಕೇಳಿದ್ದು ನನ್ನ ಎದೆಯಲ್ಲಿ ಹಾಗೇ ಉಂಟು. ದೂರಿನಲ್ಲಿ ಅದನ್ನೇ ಮೊದಲು ಬರೆಯಿಸಿದ್ದೇನೆ.

ಇತಿ,
ಕುಶಲಾ
ನಿವೃತ್ತ ಕನ್ನಡ ಅಧ್ಯಾಪಕಿ

*

ವೆಲೆನ್ಸಿಯಾ
೩ ಜುಲೈ ೨೦೨೪

ಕುಶಲಾ,

ನೀನು ನನಗೆ 'ನೀವು' ಎಂದು ಬರೆದದ್ದನ್ನು ಎರಡು ಸಲ ಓದಿದೆ. ಇರಲಿ. ನಾನು 'ನೀನು' ಎಂದೇ ಬರೆಯುತ್ತೇನೆ, ಈ ವಯಸ್ಸಿನಲ್ಲಿ ಬದಲಾಯಿಸಲು ಕಷ್ಟ.

ಹೆಸರು ಕೇಳಿದ ವಿಷಯ ನನಗೂ ಗೊತ್ತಿರಲಿಲ್ಲ. ನಿನ್ನ ಪತ್ರ ಓದಿ ನನಗೇ ನಾಚಿಕೆಯಾಯಿತು. ಊಟಕ್ಕೆ ಕೂತಾಗ, "ಎಂತ ಬ್ರೆಂಡಾ, ಅಂಕಲ್‌ನ ಹೆಸರು ನಿನಗೆ ಮರೆತು ಹೋಯಿತಾ?" ಎಂದು ಕೇಳಿದೆ. ಅವಳು ನನ್ನನ್ನು ಒಂದನೇ ಕ್ಲಾಸಿನ ಮಗುವನ್ನು ನೋಡುವಂತೆ ನೋಡಿದಳು. "ನನಗೆ ಮರೆತದ್ದಲ್ಲ ಮಮ್ಮಿ, ಅವರಿಗೆ ನೆನಪುಂಟಾ ಅಂತ ನೋಡಿದ್ದು" ಎಂದಳು. ತಲೆಗೆ ಪೆಟ್ಟಾದವರಿಗೆ ಎಲ್ಲರಿಗೂ ಅದನ್ನೇ ಕೇಳುವುದಂತೆ. ಹೆಸರು, ವಾರ, ಊರು. ಉತ್ತರ ಬಂದರೆ ಬುದ್ಧಿ ಸ್ವಾಧೀನದಲ್ಲಿದೆ ಎಂದು ಅರ್ಥ. ಚಿತ್ತರಂಜನಣ್ಣ ಬಾಯಿ ಬಿಡದಿದ್ದಾಗ ಮೆದುಳಿಗೆ ಪೆಟ್ಟಾಗಿದೆಯೋ ಎಂದು ಹೆದರಿದಳಂತೆ. ಎರಡನೇ ಸಲ ಗಟ್ಟಿಯಾಗಿ ಕೇಳಿದ್ದು ಅದಕ್ಕೆ. ಅವರು ಕೊನೆಗೆ, "ಚಿತ್ತರಂಜನ, ಶುಕ್ರವಾರ, ನಿನಗೆ ತಲೆ ಸರಿ ಉಂಟಾ?" ಎಂದರಂತೆ. ಅಷ್ಟು ಕೋಪ ಬಂದರೆ ಮೆದುಳಿಗೇನೂ ಆಗಿಲ್ಲ ಎಂದು ಅವಳಿಗೆ ಸಮಾಧಾನ ಆಯಿತಂತೆ.

ಆ ಹೆಂಗಸಿನ ವಿಷಯ ಹೇಳಲು ಅವಳು ಒಪ್ಪಲೇ ಇಲ್ಲ, ರೋಗಿಗಳ ಸಂಗತಿ ಮನೆಯಲ್ಲಿ ಆಡುವ ಹಾಗಿಲ್ಲ. ಇಷ್ಟು ಮಾತ್ರ ಹೇಳಿದಳು: ನೆತ್ತಿಯ ಗಾಯ ಎಷ್ಟು ರಕ್ತ ಸುರಿಸಿದರೂ ಒತ್ತಿ ಹಿಡಿದರೆ ನಿಲ್ಲುತ್ತದೆ. ಹೊಟ್ಟೆಯೊಳಗೆ ಸುರಿಯುವ ರಕ್ತ ಹೊರಗಿನವರಿಗೆ ಕಾಣುವುದಿಲ್ಲ. ಅಳುವ ಮಗುವಿಗೆ ಹಾಲು ಎಂದು ನಾವು ಹೇಳುತ್ತೇವಲ್ಲ, ಕ್ಯಾಶುವಲ್ಟಿಯಲ್ಲಿ ಅದು ತಿರುಗಾಮುರುಗಾ. ಅಳದೆ ಕೂತವರ ಹತ್ತಿರ ಮೊದಲು ಹೋಗಬೇಕಂತೆ.

ಮೋಕ್ಷಿತ್ ಏಳನೆಯಲ್ಲಿ ಇರುವಾಗ ಅವನ ಕನ್ನಡ ಪೇಪರನ್ನು ನೀನು ತಿದ್ದಲಿಲ್ಲ. ಹೆಡ್‌ಮಾಸ್ಟರರ ಹತ್ತಿರ ಜಗಳ ಮಾಡಿ ಬೇರೆ ಶಾಲೆಯ ಟೀಚರಿಗೆ ಕೊಡಿಸಿದೆ. ಯಾಕೆ ಎಂದು ಕೇಳಿದ್ದಕ್ಕೆ "ಕೈ ಜಾರ್ತದೆ ಮಾರಾಯ್ತಿ" ಎಂದೆ. ಬ್ರೆಂಡಾಳಿಗೆ ಅವತ್ತು ಬೇರೆ ಶಾಲೆ ಇರಲಿಲ್ಲ. ಎಲ್ಲರ ಪೇಪರನ್ನೂ ಅವಳೇ ತಿದ್ದಬೇಕಿತ್ತು.

ಇನ್ನೊಂದು ಸಂಗತಿ. ಬರೆಯಬಾರದು ಎಂದುಕೊಂಡಿದ್ದೆ, ಬರೆಯುತ್ತೇನೆ. ಕಾಯುವಷ್ಟು ಹೊತ್ತೂ ಯಾರೊಬ್ಬರೂ ತಿರುಗಿ ನೋಡಲಿಲ್ಲ ಎಂದು ದೂರಿನಲ್ಲಿ ಉಂಟಂತೆ. ಹಳದಿಯವರನ್ನು ಆಗಾಗ ಮತ್ತೆ ನೋಡಬೇಕು, ನೋಡದಿದ್ದರೆ ಅದು ತಪ್ಪೇ, ಕೆಲಸ ಹೋಗುವ ತಪ್ಪು. ತಾನು ನೋಡಿದ್ದೇನೆ ಎಂದು ಬ್ರೆಂಡಾ ಹೇಳುತ್ತಾಳೆ. ಗಡಿಬಿಡಿಯಲ್ಲಿ ಬರೆದಿಡಲಿಲ್ಲ. ಆ ಕಾರಿಡಾರಿನಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ನೀನು. ಮೋಕ್ಷಿತ್ ಬಂದದ್ದು ಎಲ್ಲ ಮುಗಿದ ಮೇಲೆ. ವಿಚಾರಣೆಗೆ ನಿನ್ನನ್ನು ಕರೆಯುತ್ತಾರೆ.

ಚಿತ್ತರಂಜನಣ್ಣನಿಗಾಗಿ ಪ್ರಾರ್ಥನೆ ಮಾಡುತ್ತಿದ್ದೇನೆ. ಅದನ್ನು ಬ್ಲಾಕ್ ಮಾಡಲು ನಿನಗೆ ಆಗುವುದಿಲ್ಲ.

ನಿನ್ನ
ಬರ್ನಡೆಟ್

*

ಬಿಕರ್ನಕಟ್ಟೆ
೧೫ ಜುಲೈ ೨೦೨೪

ಬರ್ನಡೆಟ್ ಟೀಚರ್,

ಸುತ್ತಿ ಬಳಸಿ ಕೊನೆಗೆ ಬಂದದ್ದು ಇಲ್ಲಿಗೇ. ಪದದ ಅರ್ಥ ಕೇಳಿದ್ದು, ಹಳೆಯ ಪೇಪರಿನ ನೆನಪು, ಪ್ರಾರ್ಥನೆ, ಎಲ್ಲವೂ ಈ ಒಂದು ಮಾತಿಗೆ ಪೀಠಿಕೆ ಎಂದು ನನಗೆ ಮೊದಲ ಪತ್ರದಲ್ಲಿಯೇ ವಾಸನೆ ಬಂದಿತ್ತು. ನಾನು ಮೂವತ್ತು ವರ್ಷ ಮಕ್ಕಳ ಪೀಠಿಕೆ ಓದಿದವಳು.

ಹೆಸರು ಕೇಳಿದ್ದರ ಕಾರಣ ತಿಳಿಯಿತು. ಇವರನ್ನು ಕೇಳಿದೆ. "ಹೌದು, ತಲೆ ಸರಿ ಉಂಟಾ ಅಂತ ಬೈದಿದ್ದೆ" ಎಂದು ನಕ್ಕರು. ನಗುವುದಾದರೆ ಎರಡು ತಿಂಗಳ ಮೊದಲೇ ನಗಬಹುದಿತ್ತು. ನನಗೆ ಹೇಳಲಿಲ್ಲ. ಈ ಗಂಡಸರು ಬೇಕಾದ್ದನ್ನು ಬಿಟ್ಟು ಬೇರೆಲ್ಲ ಹೇಳುತ್ತಾರೆ.

ಆದರೆ ದೂರಿನಲ್ಲಿ ಉಳಿದದ್ದು ಮೋಕ್ಷಿತ್ ಬರೆದದ್ದು, ಕೆಳಗೆ ರುಜು ನನ್ನದು. ಅಪ್ಪನ ಬಟ್ಟೆಯ ರಕ್ತ ನೋಡಿ ಬರೆದ. ಹೋಟೆಲನ್ನೂ ನೋಡಿಕೊಂಡು, ಅಪ್ಪನನ್ನೂ ಎತ್ತಿ ಕೂರಿಸಿ, ಅವನು ಅರ್ಧ ಆಗಿದ್ದಾನೆ. ನಾಲ್ಕು ಜನರ ಎದುರು ನಾನು ನನ್ನ ಮಗನನ್ನು ಸುಳ್ಳುಗಾರ ಮಾಡಬೇಕು ಎಂದು ನೀವು ಹೇಳುತ್ತೀರಾ? ನಿಮ್ಮ ಮಗಳ ಕೆಲಸ ನಿಮಗೆ ದೊಡ್ಡದು. ನನ್ನ ಮಗನ ಮುಖ ನನಗೆ ದೊಡ್ಡದು.

ಇನ್ನು ಬರೆಯಬೇಡಿ.

ಕುಶಲಾ

*

ಬಿಕರ್ನಕಟ್ಟೆ
೧೨ ಆಗಸ್ಟ್ ೨೦೨೪

ಬರ್ನಡೆಟ್,

ಬರೆಯಬೇಡಿ ಎಂದರೆ ನೀವು ನಿಜವಾಗಿಯೂ ಬರೆಯಲಿಲ್ಲ. ನಿಮ್ಮಿಂದ ಇಂಥ ವಿಧೇಯತೆಯನ್ನು ಮೊದಲ ಸಲ ಕಂಡೆ.

ವಿಚಾರಣೆ ಮುಗಿದು ಮೂರು ದಿನ ಆಯಿತು. ನಿಮಗೆ ಸುದ್ದಿ ಬಂದಿರುತ್ತದೆ, ಆದರೆ ನಾನು ಹೇಳಿದ್ದನ್ನು ನನ್ನ ಕೈಯಲ್ಲೇ ಬರೆದರೆ ಒಳ್ಳೆಯದು. ಮೇಜಿನ ಆಚೆ ಇಬ್ಬರು ಡಾಕ್ಟರು, ಒಬ್ಬರು ನರ್ಸಿಂಗ್‌ನ ಹಿರಿಯ ಹೆಂಗಸು. ಬ್ರೆಂಡಾ ಗೋಡೆಯ ಹತ್ತಿರ ಕೂತಿದ್ದಳು. ತೆಳ್ಳಗಾಗಿದ್ದಾಳೆ. ನನ್ನನ್ನು ನೋಡಿ ಎದ್ದು ನಿಂತಳು. ಮೋಕ್ಷಿತ್ ದೂರನ್ನು ಓದಿದ. ಚೆನ್ನಾಗಿಯೇ ಓದಿದ.

ಆಮೇಲೆ ಆ ಹಿರಿಯ ಹೆಂಗಸು ನನ್ನ ಕಡೆ ತಿರುಗಿ, "ಟೀಚರ್, ಕಾಯುವಾಗ ಸಿಸ್ಟರ್ ತಿರುಗಿ ಬಂದು ನೋಡಿದ್ರಾ, ಇಲ್ವಾ? ನೀವು ನೋಡಿದ್ದನ್ನು ಹೇಳಿದ್ರೆ ಸಾಕು" ಎಂದರು.

ಇಲ್ಲ ಎನ್ನಲು ಬಾಯಿ ತೆರೆದೆ. ಮೋಕ್ಷಿತನ ಮೊಣಕೈ ನನ್ನ ಮೊಣಕೈಗೆ ತಾಗಿಯೇ ಇತ್ತು. ನಿಮ್ಮ ಮೇಲಿನ ಕೋಪವೂ ಇಳಿದಿರಲಿಲ್ಲ. ಆದರೆ ನನ್ನ ಕಣ್ಣು ಕಂಡದ್ದು ಕಂಡದ್ದೇ. "ಬಂದಳು" ಎಂದೆ. "ಬಂದು ಇವರ ಪಾದ ಮುಟ್ಟಿ ನೋಡಿದಳು, ಬೆರಳು ಆಡಿಸಲಿಕ್ಕೆ ಹೇಳಿದಳು, ತಲೆಯ ಬಟ್ಟೆಯನ್ನು ಬಿಗಿ ಮಾಡಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದಳು. ನಾನು ಅವಳ ಮುಖ ನೋಡಲಿಲ್ಲ, ಕೈ ಮಾತ್ರ ನೋಡಿದೆ." ಅಷ್ಟೇ. ಮೊಣಕೈ ಸರಿಯಿತು.

ಹೊರಗೆ ಬಂದ ಮೇಲೆ ಮೋಕ್ಷಿತ್, "ಅಮ್ಮ, ನೀವು ಯಾರ ಕಡೆ?" ಎಂದು ಕೇಳಿದ. "ನಾನು ಯಾರ ಕಡೆಯೂ ಅಲ್ಲ ಮಗ, ಕಂಡದ್ದು ಹೇಳಿದೆ" ಎಂದೆ. ಅವತ್ತಿನಿಂದ ಮಧ್ಯಾಹ್ನದ ಊಟ ಅವನಿಗೆ ಹೋಟೆಲಿನಲ್ಲಿಯೇ ಆಗುತ್ತದೆ. ಸಂಚಿತಾ ನನಗೆ ಬಡಿಸುವಾಗ ಸೌಟಿನ ಸದ್ದು ಸ್ವಲ್ಪ ಜಾಸ್ತಿ. ನಿಮ್ಮ ಚಿತ್ತರಂಜನಣ್ಣನ ಹತ್ತಿರ ಇದನ್ನೆಲ್ಲ ಹೇಳಿದರೆ ಟಿವಿಯ ವಾಲ್ಯೂಮ್ ಏರಿಸುತ್ತಾರೆ. ನನ್ನ ಮಗ ತಾನಾಗಿ ತಿರುಗಿ ಬರುತ್ತಾನೆ, ಬರುವವರೆಗೆ ನಾನು ಕಾಯಬೇಕು.

ಆದರೆ ನೀವು ತಪ್ಪು ತಿಳಿಯಬಾರದು. ನಾನು ಹೇಳಿದ್ದು ನಿಮಗಾಗಿ ಅಲ್ಲ, ಬ್ರೆಂಡಾಳಿಗಾಗಿಯೂ ಅಲ್ಲ. ನನಗೆ ಕೋಪ ಹೋಗಿಲ್ಲ. ಅವಳು ಮಾಡಿದ್ದು ಸರಿ ಎಂದು ತಲೆ ಒಪ್ಪುತ್ತದೆ, ಹೊಟ್ಟೆ ಒಪ್ಪುವುದಿಲ್ಲ. ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಇಟ್ಟಿದ್ದೇನೆ, ಒಂದರ ನೀರು ಇನ್ನೊಂದಕ್ಕೆ ಚೆಲ್ಲುವುದಿಲ್ಲ. ನಿಮ್ಮ ಇಂಗ್ಲಿಷ್ ಪದವನ್ನು ಸ್ವಂತ ವಾಕ್ಯದಲ್ಲಿ ಪ್ರಯೋಗಿಸಲು ಹೇಳಿದ್ದಿರಲ್ಲ, ಇದೇ ಅದು. ಅಂಕ ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು.

ಇದು ನಿನಗೆ ಅರ್ಥವಾಗುವುದಿಲ್ಲ ಬರ್ನಿ. ನೀನು ಎಷ್ಟು ಒಳ್ಳೆಯ ಡಿಕ್ಷನರಿ ಇಟ್ಟುಕೊಂಡರೂ ಅರ್ಥವಾಗುವುದಿಲ್ಲ. ಆ ಟ್ರಾಲಿಯ ಮೇಲೆ ಇದ್ದದ್ದು ನಿನ್ನವರಲ್ಲ.

ಕುಶಲಾ

*

ವೆಲೆನ್ಸಿಯಾ
೨೧ ಆಗಸ್ಟ್ ೨೦೨೪

ಪ್ರೀತಿಯ ಕುಶಲಾ,

ಬ್ರೆಂಡಾಳನ್ನು ಸೋಮವಾರದಿಂದ ಪುನಃ ಕ್ಯಾಶುವಲ್ಟಿಗೆ ಹಾಕಿದ್ದಾರೆ. ದೂರನ್ನು ಮುಚ್ಚಿದರಂತೆ. ಥ್ಯಾಂಕ್ಸ್ ಹೇಳಿದರೆ ನೀನು ಬೈಯುತ್ತೀ, ಆದ್ದರಿಂದ ಹೇಳುವುದಿಲ್ಲ. ಮೋಕ್ಷಿತನ ಊಟದ ವಿಷಯ ಓದಿ ಬೇಸರವಾಯಿತು. ಅವನು ಹುಟ್ಟಿದಾಗ ನಿನಗಿಂತ ಮೊದಲು ಅವನನ್ನು ಎತ್ತಿಕೊಂಡವಳು ನಾನು, ನೆನಪಿರಲಿ. ನನ್ನ ಮೇಲಿನ ಸಿಟ್ಟನ್ನು ಅವನು ನನ್ನ ಮೇಲೆಯೇ ತೀರಿಸಲಿ, ನಿನ್ನ ಮೇಲೆ ಬೇಡ ಎಂದು ಅವನಿಗೆ ಹೇಳು.

ನಿನ್ನ ಕೊನೆಯ ಸಾಲು ನನಗೆ ಚುಚ್ಚಿತು. ಸುಳ್ಳಾಗಿದ್ದರೆ ಚುಚ್ಚುತ್ತಿರಲಿಲ್ಲ. ಎರಡು ದಿನ ಅದನ್ನು ತಲೆಯಲ್ಲಿ ಹೊತ್ತುಕೊಂಡು ತಿರುಗಿದೆ. ಶುಕ್ರವಾರ ಬ್ರೆಂಡಾ ಡ್ಯೂಟಿಯಿಂದ ಬಂದು ಮೀನು ತೊಳೆಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಕೇಳಿದೆ.

"ಬ್ರೆಂಡಾ, ಅವತ್ತು ಆ ಬಸ್ಸಿನಲ್ಲಿ ನಾನು ಇದ್ದಿದ್ದರೆ?"

"ಎಂತ ಪೆಟ್ಟು ಅಂತ ಗೊತ್ತಾಗದೆ ಹೇಗೆ ಹೇಳುವುದು ಮಮ್ಮಿ?"

"ಚಿತ್ತರಂಜನಣ್ಣನ ಪೆಟ್ಟೇ. ಅದೇ ತೊಡೆ, ಅದೇ ತಲೆ, ಪಕ್ಕದಲ್ಲಿ ಅದೇ ಹೆಂಗಸು."

"ಹಾಗಾದ್ರೆ ಹಳದಿ," ಎಂದಳು.

ಒಂದು ಕ್ಷಣ ಯೋಚಿಸಲೂ ಇಲ್ಲ ಕುಶಲಾ! ಬಂಗುಡೆಯ ಹೊಟ್ಟೆ ಸೀಳುವುದನ್ನೂ ನಿಲ್ಲಿಸಲಿಲ್ಲ. ಹೆತ್ತು, ಸಾಕಿ, ಅವಳಿಗೆ ಜ್ವರ ಬಂದರೆ ಮಡಿಲಲ್ಲಿ ಮಲಗಿಸಿಕೊಂಡು ಬೆಳಗು ಮಾಡಿದವಳಿಗೆ ಹಳದಿ! ನಿನ್ನ ಹತ್ತಿರ ಎರಡು ತಿಂಗಳು ನಾನು ವಾದಿಸಿದ್ದು ಇದೇ ಪಟ್ಟಿಯ ಪರವಾಗಿ. ಅರ್ಥ, ಮೂಲ, ಪ್ರಯೋಗ ಎಲ್ಲ ಕಲಿತವಳು ನಾನು. ಅವಳು ಬೇರೆ ಉತ್ತರ ಕೊಟ್ಟಿದ್ದರೆ ಅವಳು ಒಳ್ಳೆಯ ನರ್ಸ್ ಅಲ್ಲ ಎಂದು ನಾನೇ ಹೇಳುತ್ತಿದ್ದೆ. ಅದೆಲ್ಲ ಸರಿ. ಆದರೂ ನಾನು ಅವಳು ಮಾಡಿದ ಸಾರು ಮುಟ್ಟಲಿಲ್ಲ. ಆರ್ಥರ್ ಎಂತಾಯಿತು ಎಂದು ಕೇಳಿದರೂ ಹೇಳಲಿಲ್ಲ, ಹೇಳಿದರೆ ನಗುತ್ತಿದ್ದರು. ಭಾನುವಾರ ಚರ್ಚಿನ ಪೂಜೆಗೆ ಅವಳ ಸ್ಕೂಟರಿನಲ್ಲಿ ಕೂರದೆ ಛತ್ರಿ ಹಿಡಿದು ನಡೆದೇ ಹೋದೆ. ಅವಳಿಗೆ ಇನ್ನೂ ಯಾಕೆಂದು ಗೊತ್ತಿಲ್ಲ, "ಮಮ್ಮಿಗೆ ಬಿಪಿ ಇರಬೇಕು" ಎಂದು ಡ್ಯಾಡಿಯ ಹತ್ತಿರ ಹೇಳುತ್ತಿದ್ದಳು.

ಈಗ ನಿನ್ನ ಎರಡನೇ ಪಾತ್ರೆಯಲ್ಲಿ ಇರುವುದು ಎಂತ ಎಂದು ನನಗೆ ಗೊತ್ತಾಯಿತು. ಅವಳು ಮಾಡಿದ್ದು ಸರಿ, ಆ ವಿಷಯದಲ್ಲಿ ನಮ್ಮಿಬ್ಬರಿಗೂ ಇನ್ನು ಮಾತಾಡಲು ಏನೂ ಇಲ್ಲ. ಶನಿವಾರ ಸಂಜೆ ನಿನ್ನ ಮನೆಗೆ ಬರುತ್ತೇನೆ. ಅವಳಿಗೆ ಡ್ಯೂಟಿ ಉಂಟು, ಬರುವುದಿಲ್ಲ. ಸಂಚಿತಾಳನ್ನು ಗೇಟಿಗೆ ಕಳಿಸಬೇಡ, ನೀನೇ ಬಾ. ಜಗಲಿಯಲ್ಲಿ ಕೂತು ನಾವಿಬ್ಬರೂ ಸೇರಿ ಅವಳನ್ನು ಮನಸಾರೆ ಬೈಯೋಣ.

ನಿನ್ನ
ಬರ್ನಿ